ಹೊರಗೆ ಮೈನಸ್ ಚಳಿ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ: ಎಂಜಿನ್ ಬಿಸಿಯಾಗುವ ದೋಷದ ಮೂಲ ಹುಡುಕುವ ಬಗೆ

ಡಿಸೆಂಬರ್ ಕೊನೆಯ ವಾರದ ಒಂದು ಬೆಳಿಗ್ಗೆ ಹಿಮಾಚಲದ ಲಾಹೌಲ್ ಕಣಿವೆಯ ಕೇಲಾಂಗಿನಿಂದ ಮನಾಲಿಯ ಕಡೆಗೆ ಹೊರಟು, ತಾಂಡಿಯಲ್ಲಿ ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ಜಾಗವನ್ನು ದಾಟಿ ಏರುರಸ್ತೆ ಹಿಡಿದ ಸ್ವಲ್ಪ ಹೊತ್ತಿಗೆ, ಬೆಂಗಳೂರಿನಿಂದ ಓಡಿಸಿಕೊಂಡು ಬಂದಿದ್ದ ನನ್ನ ಪೆಟ್ರೋಲ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಥರ್ಮಾಮೀಟರ್ ಆಕಾರದ ಕೆಂಪು ದೀಪ ಹೊತ್ತಿಕೊಂಡಿತು. ಹಿಂದಿನ ರಾತ್ರಿ ಮೈನಸ್ 14 ಡಿಗ್ರಿಗೆ ಇಳಿದಿದ್ದ ಚಳಿ ಆಗಲೂ ಬಿಟ್ಟಿರಲಿಲ್ಲ. ಹಿಂಬದಿಯ ಗಾಜಿನ ಒಳಮೈಗೂ ಹಿಮ ಅಂಟಿಕೊಂಡಿತ್ತು. ಅಂಥ ಹವೆಯಲ್ಲಿ ಎಂಜಿನ್ ಕುದಿಯುತ್ತಿದೆ ಎಂದು ದೀಪ ಹೇಳಿದರೆ ಯಾರಿಗಾದರೂ ಮೊದಲು ಬರುವ ಅನುಮಾನ ದೀಪದ ಮೇಲೆಯೇ. ನನಗೂ ಹಾಗೇ ಆಯಿತು. ಆ ಅನುಮಾನವನ್ನೇ ನಂಬಿಕೊಂಡು ಇನ್ನೊಂದು ಕಿಲೋಮೀಟರ್ ಓಡಿಸಿದೆ, ಅದು ತಪ್ಪು.

ಬೇಸಿಗೆಯಲ್ಲಿ ಎಂಜಿನ್ ಅತಿಯಾಗಿ ಬಿಸಿಯಾದಾಗ ನಾವು ಹುಡುಕುವ ಕಾರಣಗಳು ಗೊತ್ತಿರುವಂಥವೇ: ಫ್ಯಾನ್ ತಿರುಗುತ್ತಿಲ್ಲ, ರೇಡಿಯೇಟರಿನ ಜಾಲರಿಗೆ ಧೂಳು ಕಟ್ಟಿದೆ, ಏರಿನಲ್ಲಿ ಎ.ಸಿ. ಹಾಕಿಕೊಂಡು ಬಂದಿದ್ದೇವೆ. ಇವೆಲ್ಲವೂ ಶಾಖವನ್ನು ಗಾಳಿಗೆ ಬಿಟ್ಟುಕೊಡುವ ಶಕ್ತಿ ಸಾಲದೆ ಆಗುವ ತೊಂದರೆಗಳು. ಮೈನಸ್ ಹತ್ತು ಡಿಗ್ರಿಯ ಗಾಳಿ ಎದುರಿನಿಂದ ಹೊಡೆಯುತ್ತಿರುವಾಗ ಅರ್ಧ ಕಟ್ಟಿಕೊಂಡ ರೇಡಿಯೇಟರ್ ಕೂಡ ತನ್ನ ಕೆಲಸವನ್ನು ಹೇಗೋ ಮಾಡಿ ಮುಗಿಸುತ್ತದೆಯಾದ್ದರಿಂದ, ಚಳಿಯಲ್ಲಿ ಈ ಕಾರಣಗಳು ಬಹುಮಟ್ಟಿಗೆ ಉದುರಿಹೋಗುತ್ತವೆ. ಆಗ ಉಳಿಯುವುದು ಮುಖ್ಯವಾಗಿ ಒಂದೇ ಬಗೆಯ ದೋಷ: ಎಂಜಿನ್ನಿನ ಶಾಖವನ್ನು ರೇಡಿಯೇಟರಿಗೆ ಹೊತ್ತೊಯ್ಯಬೇಕಾದ ಕೂಲೆಂಟ್ ಎಲ್ಲೋ ನಿಂತುಬಿಟ್ಟಿದೆ, ಇಲ್ಲವೇ ಸಾಕಷ್ಟು ಇಲ್ಲ. ಎಲ್ಲಿ ನಿಂತಿದೆ ಎಂಬುದನ್ನು ತಿಳಿಯಲು ಬೇಕಾದ ಅತ್ಯುತ್ತಮ ಉಪಕರಣ ಕಾರಿನ ಒಳಗೇ ಇದೆ. ಅದು ಕ್ಯಾಬಿನ್ ಹೀಟರ್.

ದೀಪ ಹೊತ್ತಿದ ಕೂಡಲೇ

ಮೊದಲು ದೀಪದ ಬಣ್ಣ ನೋಡಬೇಕು. ಹಲವು ಕಾರುಗಳಲ್ಲಿ ಇದೇ ಆಕಾರದ ನೀಲಿ ದೀಪವೊಂದಿರುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ, ಜೋರಾಗಿ ಆಕ್ಸಿಲರೇಟರ್ ಒತ್ತಬೇಡಿ ಎಂಬುದಷ್ಟೇ ಅದರ ಅರ್ಥ. ದಕ್ಷಿಣದ ಬಯಲು ಸೀಮೆಯಲ್ಲಿ ಅದು ಒಂದೆರಡು ನಿಮಿಷದಲ್ಲಿ ಆರಿಹೋಗುವುದರಿಂದ ನಮ್ಮ ಗಮನಕ್ಕೇ ಬಂದಿರುವುದಿಲ್ಲ, ಗುಡ್ಡದ ಚಳಿಯಲ್ಲಿ ಹತ್ತು ನಿಮಿಷ ಉರಿದಾಗ ಗಾಬರಿ ಹುಟ್ಟಿಸುತ್ತದೆ. ದೀಪ ಕೆಂಪಾಗಿದ್ದರೆ ಮಾತ್ರ ಮುಂದಿನ ಕ್ರಮ.

ಕೆಂಪು ದೀಪ ಬಂದರೆ ಸುರಕ್ಷಿತವಾದ ಜಾಗ ನೋಡಿ ಗಾಡಿ ನಿಲ್ಲಿಸಬೇಕು. ಮುಂದೆ ಸುರಂಗವಿದ್ದರೆ ಅದರೊಳಗೆ ನುಗ್ಗಬಾರದು. ಮನಾಲಿ ಮತ್ತು ಲಾಹೌಲ್ ನಡುವಿನ ಅಟಲ್ ಸುರಂಗ 9.02 ಕಿಲೋಮೀಟರ್ ಉದ್ದವಿದ್ದು, ಅದರ ನಡುವೆ ಕೆಟ್ಟು ನಿಂತ ಗಾಡಿ ಎರಡೂ ಕಡೆಯವರಿಗೆ ಕಂಟಕ. ನಿಲ್ಲಿಸುತ್ತಿರುವಾಗಲೇ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರನ್ನು ಗರಿಷ್ಠಕ್ಕೆ ಇಡಬೇಕು, ಗಾಜಿನ ಮಂಜು ತೆಗೆಯಲು ಎ.ಸಿ. ಹಾಕಿದ್ದರೆ ಆರಿಸಬೇಕು, ಮತ್ತು ಕಿಂಡಿಯಿಂದ ಬರುವ ಗಾಳಿಗೆ ಕೈಯೊಡ್ಡಿ ಅದು ಬಿಸಿಯಾಗಿದೆಯೋ ತಣ್ಣಗಿದೆಯೋ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಈ ಒಂದು ಮಾಹಿತಿಗೆ ಆಮೇಲೆ ಬಹಳ ಬೆಲೆ ಬರುತ್ತದೆ, ಎಂಜಿನ್ ಆರಿಸಿದ ಮೇಲೆ ಅದು ಮತ್ತೆ ಸಿಗುವುದಿಲ್ಲ. ಒಂದು ನಿಮಿಷದೊಳಗೆ ಎಂಜಿನ್ನಿನ ತಾಪ ತೋರಿಸುವ ಸೂಜಿ ಇಳಿಯದಿದ್ದರೆ ಎಂಜಿನ್ ಆರಿಸಿಬಿಡಬೇಕು.

ಆಮೇಲೆ ಕನಿಷ್ಠ ಅರ್ಧ ಗಂಟೆ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬಾರದು. ಹೊರಗಿನ ಚಳಿಗೆ ಬಾನೆಟ್ ಬೇಗ ತಣ್ಣಗಾಗುತ್ತದೆಯೇ ಹೊರತು ಒಳಗಿನ ಒತ್ತಡ ಅಷ್ಟು ಬೇಗ ಇಳಿಯುವುದಿಲ್ಲ. ಪಕ್ಕದಲ್ಲೇ ರಾಶಿ ಬಿದ್ದಿರುವ ಹಿಮವನ್ನೋ ತೊರೆಯ ನೀರನ್ನೋ ಎಂಜಿನ್ ಮೇಲೆ ಸುರಿಯುವ ಆಸೆಯೂ ಕೆಲವರಿಗೆ ಹುಟ್ಟುತ್ತದೆ. ಎಂಜಿನ್ನಿನ ಮೇಲ್ಭಾಗವಾದ ಕಾದ ಅಲ್ಯೂಮಿನಿಯಂ ಹೆಡ್ ಮೇಲೆ ಹಿಮದ ನೀರು ಬಿದ್ದರೆ ಅದು ಬಿರುಕು ಬಿಡಬಹುದು, ಸಾವಿರದಲ್ಲಿ ಮುಗಿಯಬೇಕಾದ ಖರ್ಚು ಲಕ್ಷದ ಹತ್ತಿರ ಹೋಗಬಹುದು.

ಹೀಟರಿನ ಗಾಳಿ ಏನು ಹೇಳುತ್ತದೆ

ಕೂಲೆಂಟ್ ಎರಡು ಸುತ್ತುಗಳಲ್ಲಿ ಹರಿಯುತ್ತದೆ. ಎಂಜಿನ್ ತಣ್ಣಗಿರುವಾಗ ಥರ್ಮೋಸ್ಟಾಟ್ (ತಾಪಕ್ಕೆ ತಕ್ಕಂತೆ ತೆರೆದು ಮುಚ್ಚುವ ಕವಾಟ) ಮುಚ್ಚಿರುತ್ತದೆ, ವಾಟರ್ ಪಂಪ್ ಕೂಲೆಂಟನ್ನು ಎಂಜಿನ್ ಬ್ಲಾಕ್ ಮತ್ತು ಕ್ಯಾಬಿನ್ ಹೀಟರಿನ ಚಿಕ್ಕ ಸುತ್ತಿನಲ್ಲೇ ತಿರುಗಿಸುತ್ತಿರುತ್ತದೆ. ತಾಪ ಸುಮಾರು 82ರಿಂದ 88 ಡಿಗ್ರಿ ಮುಟ್ಟಿದಾಗ ಥರ್ಮೋಸ್ಟಾಟ್ ತೆರೆದುಕೊಳ್ಳತೊಡಗಿ, ರೇಡಿಯೇಟರನ್ನು ಒಳಗೊಂಡ ದೊಡ್ಡ ಸುತ್ತು ಆರಂಭವಾಗುತ್ತದೆ. ಹೀಟರ್ ಚಿಕ್ಕ ಸುತ್ತಿನಲ್ಲಿದೆ, ರೇಡಿಯೇಟರ್ ದೊಡ್ಡ ಸುತ್ತಿನಲ್ಲಿದೆ ಎಂಬ ಈ ವ್ಯತ್ಯಾಸವೇ ನಮ್ಮ ಪತ್ತೆದಾರಿಕೆಗೆ ಆಧಾರ.

ಸೂಜಿ ಕೆಂಪಿನಲ್ಲಿದ್ದು ಹೀಟರಿನಿಂದ ತಣ್ಣನೆಯ ಗಾಳಿ ಬರುತ್ತಿದ್ದರೆ ಚಿಕ್ಕ ಸುತ್ತಿನಲ್ಲೇ ಹರಿವಿಲ್ಲ ಎಂದಾಯಿತು. ಕೂಲೆಂಟ್ ಸೋರಿ ಕಡಿಮೆಯಾಗಿರಬಹುದು, ಕೊಳವೆಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿರಬಹುದು, ವಾಟರ್ ಪಂಪ್ ಕೆಲಸ ನಿಲ್ಲಿಸಿರಬಹುದು. ಹೀಟರ್ ಚೆನ್ನಾಗಿ ಬಿಸಿ ಗಾಳಿ ಕೊಡುತ್ತಿದ್ದೂ ಸೂಜಿ ಏರುತ್ತಿದ್ದರೆ, ಚಿಕ್ಕ ಸುತ್ತು ಸರಿಯಾಗಿದೆ, ದೊಡ್ಡ ಸುತ್ತು ಕಟ್ಟಿದೆ: ಥರ್ಮೋಸ್ಟಾಟ್ ತೆರೆದಿಲ್ಲ, ಅಥವಾ ರೇಡಿಯೇಟರ್ ಒಳಗೆ ದಾರಿ ಮುಚ್ಚಿದೆ. ಹೀಟರ್ ಒಮ್ಮೆ ಬಿಸಿ ಒಮ್ಮೆ ತಣ್ಣಗೆ ಊದುತ್ತ, ಸೂಜಿಯೂ ಅದರ ಜೊತೆಗೆ ಮೇಲೆ ಕೆಳಗೆ ಜಿಗಿಯುತ್ತಿದ್ದರೆ ಕೂಲೆಂಟಿನ ನಡುವೆ ಗಾಳಿ ಅಥವಾ ಹಬೆ ಓಡಾಡುತ್ತಿದೆ ಎಂದು ತಿಳಿಯಬೇಕು. ಸೂಜಿ ಕೆಳಗಿಳಿಯಿತೆಂದು ಇಲ್ಲಿ ಸಮಾಧಾನಪಡುವಂತಿಲ್ಲ. ಸೆನ್ಸರಿನ ತುದಿ ದ್ರವದಲ್ಲಿ ಮುಳುಗದೆ ಬರಿಯ ಹಬೆಯಲ್ಲಿ ನಿಂತಾಗ ಅದು ನಿಜವಾದ ತಾಪಕ್ಕಿಂತ ಕಡಿಮೆ ತೋರಿಸುವುದುಂಟು.

ನನ್ನ ಕಾರಿನಲ್ಲಿ ಹೀಟರ್ ಸುಡುವಂಥ ಗಾಳಿಯನ್ನೇ ಕೊಡುತ್ತಿತ್ತು. ಅರ್ಧ ಗಂಟೆ ಕಳೆದು ಬಾನೆಟ್ ಎತ್ತಿ ನೋಡಿದರೆ, ರೇಡಿಯೇಟರಿನ ಮೇಲಿನ ಹೋಸ್ ಇನ್ನೂ ಬಿಸಿಯಾಗಿ, ಬಿಗಿಯಾಗಿ ಊದಿಕೊಂಡಿತ್ತು. ಕೆಳಗಿನ ಹೋಸ್ ಮುಟ್ಟಿದರೆ ಕೈ ಜುಮ್ಮೆನ್ನುವಷ್ಟು ತಣ್ಣಗಿತ್ತು. ಅದನ್ನು ಹಿಂಡಿದಾಗ ಒಳಗಿನಿಂದ ಒದ್ದೆ ಮರಳನ್ನು ಅದುಮಿದಂಥ ಕರಕರ ಸದ್ದು ಬಂತು. ಅದು ಹೆಪ್ಪುಗಟ್ಟುತ್ತಿರುವ ಕೂಲೆಂಟ್.

ಥರ್ಮೋಸ್ಟಾಟ್ ಕೆಟ್ಟಿದೆಯೋ ರೇಡಿಯೇಟರ್ ಹೆಪ್ಪುಗಟ್ಟಿದೆಯೋ ಎಂಬುದನ್ನು ಹೋಸ್ ಮುಟ್ಟಿಯೇ ನಿರ್ಧರಿಸಬಹುದು ಎಂದು ಅನೇಕರು ಹೇಳುತ್ತಾರೆ, ಆದರೆ ಅದು ಎಲ್ಲ ಕಾರುಗಳಿಗೂ ಹೊಂದುವುದಿಲ್ಲ. ಥರ್ಮೋಸ್ಟಾಟ್ ಮೇಲಿನ ಹೋಸ್ ಶುರುವಾಗುವಲ್ಲಿದ್ದರೆ, ಅದು ಮುಚ್ಚಿಕೊಂಡೇ ಉಳಿದಾಗ ಮೇಲಿನ ಹೋಸೂ ತಣ್ಣಗಿರುತ್ತದೆ, ಹಾಗಾಗಿ ವ್ಯತ್ಯಾಸ ಸುಲಭವಾಗಿ ಗೊತ್ತಾಗುತ್ತದೆ. ಥರ್ಮೋಸ್ಟಾಟನ್ನು ಕೆಳಗಿನ ಹೋಸ್ ಎಂಜಿನ್ ಸೇರುವ ಕಡೆ ಕೂರಿಸಿರುವ ಎಂಜಿನ್‌ಗಳಲ್ಲಿ ಎರಡೂ ದೋಷಗಳಿಗೆ ಮೇಲೆ ಬಿಸಿ, ಕೆಳಗೆ ತಣ್ಣಗೆ ಎಂಬ ಒಂದೇ ಲಕ್ಷಣ. ಅಲ್ಲಿ ಹಿಂಡಿದಾಗಿನ ಕರಕರ ಸದ್ದು, ಹೆಚ್ಚುವರಿ ಕೂಲೆಂಟ್ ನಿಲ್ಲುವ ರಿಸರ್ವಾಯರ್ ಬಾಟಲಿಯಲ್ಲಿ ತೇಲುವ ಮಂಜಿನ ಚೂರು ಮತ್ತು ಕೂಲೆಂಟಿನ ಸಾಂದ್ರತೆ ಇವುಗಳನ್ನೇ ನಂಬಬೇಕು.

ಕೂಲೆಂಟಿನಲ್ಲಿ ನೀರೆಷ್ಟು

ಕೂಲೆಂಟ್ ಎಂದು ನಾವು ಕರೆಯುವುದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ನೀರು ಮತ್ತು ತುಕ್ಕು ತಡೆಯುವ ರಾಸಾಯನಿಕಗಳ ಮಿಶ್ರಣ. ಅರ್ಧಕ್ಕರ್ಧ ಬೆರೆಸಿದ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಗ್ಲೈಕಾಲ್ ಪಾಲು ಮೂರನೇ ಒಂದಕ್ಕೆ ಇಳಿದರೆ ಆ ಮಿತಿ ಸುಮಾರು ಮೈನಸ್ 17ಕ್ಕೆ, ನಾಲ್ಕನೇ ಒಂದಕ್ಕೆ ಇಳಿದರೆ ಸುಮಾರು ಮೈನಸ್ 12ಕ್ಕೆ ಬಂದು ನಿಲ್ಲುತ್ತದೆ. ನೀರು ಬೇಡವೇ ಬೇಡ, ಪೂರ್ತಿ ಗ್ಲೈಕಾಲನ್ನೇ ಹಾಕಿಬಿಡೋಣ ಎಂದು ಹೊರಡುವವರಿಗೆ ಒಂದು ಮಾತು: ನೀರು ಸೇರದ ಗ್ಲೈಕಾಲ್ ಮೈನಸ್ 13ರ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ, ಮೇಲಾಗಿ ಶಾಖ ಹೊರುವುದರಲ್ಲಿ ಅದು ನೀರಿಗಿಂತ ಬಹಳ ಹಿಂದೆ.

ನನ್ನ ಕಾರಿನ ಕೂಲಿಂಗ್ ವ್ಯವಸ್ಥೆ ಹಿಡಿಯುವುದು ಸುಮಾರು ಆರು ಲೀಟರ್. ಹೊರಡುವ ಎರಡು ತಿಂಗಳ ಮುಂಚೆ ಒಂದು ಗ್ಯಾರೇಜಿನಲ್ಲಿ ಸೋರುತ್ತಿದ್ದ ಹೋಸ್ ಬದಲಿಸಿದ್ದರು. ಆಗ ಹೊರಹೋದದ್ದು ಸುಮಾರು ಮೂರು ಲೀಟರ್ ಕೂಲೆಂಟ್, ಅದರ ಬದಲು ಒಳಹೋದದ್ದು ಮೂರು ಲೀಟರ್ ನಲ್ಲಿ ನೀರು. ಬೆಂಗಳೂರಿನ ಹವೆಗೆ ಅದರಿಂದ ಏನೂ ತೊಂದರೆ ಕಾಣುವುದಿಲ್ಲ. ಬಣ್ಣವೂ ತುಸು ತಿಳಿಯಾದ ಹಸಿರಾಗಿಯೇ ಇತ್ತು. ಅರ್ಧಕ್ಕರ್ಧ ಇದ್ದ ಮಿಶ್ರಣ ಹೀಗೆ ನಾಲ್ಕನೇ ಒಂದಕ್ಕೆ ಇಳಿದು ಮೈನಸ್ 12ರ ದ್ರವವಾಯಿತು, ರಾತ್ರಿ ಮೈನಸ್ 14. ಲೆಕ್ಕ ಇಷ್ಟು ಸರಳ. ಕೂಲೆಂಟಿನ ಬಣ್ಣವನ್ನು ನೋಡಿ ಸಾಂದ್ರತೆ ಊಹಿಸುವ ಅಭ್ಯಾಸ ನನಗೆ ಅಂದಿಗೇ ಬಿಟ್ಟುಹೋಯಿತು.

ಕೇಲಾಂಗಿನಲ್ಲಿ ನಾವು ಉಳಿದಿದ್ದ ಮನೆಯ ಯಜಮಾನರು ಹಿಂದಿನ ಸಂಜೆಯೇ, ‘ಗಾಡಿಯಲ್ಲಿ ಬರೀ ನೀರಿಲ್ಲ ತಾನೇ? ಇದ್ದರೆ ರಾತ್ರಿ ಇಳಿಸಿಬಿಡಿ’ ಎಂದು ಹಿಂದಿಯಲ್ಲಿ ಕೇಳಿದ್ದರು. ‘ಕೂಲೆಂಟೇ ಇದೆ’ ಎಂದು ನಾನು ಧೈರ್ಯವಾಗಿ ಹೇಳಿದ್ದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಎಂಜಿನ್ ಓಡುತ್ತಿರುವಾಗ ರೇಡಿಯೇಟರ್ ಕರಗಬೇಕಲ್ಲವೇ, ಹೆಪ್ಪುಗಟ್ಟುವುದು ಹೇಗೆ? ಥರ್ಮೋಸ್ಟಾಟ್ ಮುಚ್ಚಿರುವಷ್ಟು ಹೊತ್ತು ಎಂಜಿನ್ನಿನ ಬಿಸಿ ರೇಡಿಯೇಟರಿಗೆ ಬಹುತೇಕ ತಲುಪುವುದೇ ಇಲ್ಲ, ಅದೇ ಹೊತ್ತಿನಲ್ಲಿ ಓಡುವ ಗಾಡಿಯ ಎದುರುಗಾಳಿ ಅದರಲ್ಲಿ ಅಳಿದುಳಿದ ಶಾಖವನ್ನೂ ಬೇಗ ಬೇಗ ಎಳೆದುಕೊಂಡು ಹೋಗುತ್ತದೆ. (ಗಾಳಿಯ ಬೀಸು ರೇಡಿಯೇಟರನ್ನು ಹೊರಗಿನ ತಾಪಮಾನಕ್ಕಿಂತ ಕೆಳಗೆ ಇಳಿಸುವುದಿಲ್ಲ, ಅಲ್ಲಿಗೆ ಬೇಗ ತಲುಪಿಸುತ್ತದೆ, ಅಷ್ಟೇ.) ಇಳಿಜಾರಿನಲ್ಲಿ ಎಂಜಿನ್ನಿಗೆ ಭಾರವಿಲ್ಲದೆ ಸೂಜಿ ಸರಿಯಾಗೇ ಇದ್ದು, ಏರು ಹಿಡಿದ ಕೂಡಲೇ ಥರ್ಮೋಸ್ಟಾಟ್ ತೆರೆದಾಗ ಎದುರಿಗೆ ಸಿಗುವುದು ಮಂಜಿನ ಕೆಸರು ತುಂಬಿದ ರೇಡಿಯೇಟರ್. ದೀಪ ತಾಂಡಿಯ ಇಳಿಜಾರಿನಲ್ಲಿ ಹೊತ್ತದೆ ಮುಂದಿನ ಏರಿನಲ್ಲಿ ಹೊತ್ತದ್ದು ಈ ಕಾರಣಕ್ಕೆ.

ಹೆಪ್ಪುಗಟ್ಟಿದ ರೇಡಿಯೇಟರನ್ನು ಕರಗಿಸಲು ಎಂಜಿನ್ನನ್ನು ಎಡೆಬಿಡದೆ ಓಡಿಸಬಾರದು. ಗಾಡಿಯನ್ನು ಬಿಸಿಲಿಗೆ ಮುಖಮಾಡಿ ನಿಲ್ಲಿಸಿ, ಗ್ರಿಲ್ಲಿಗೆ ಕಂಬಳಿಯನ್ನೋ ರಟ್ಟನ್ನೋ ಅಡ್ಡ ಇಟ್ಟು, ಒಂದೆರಡು ನಿಮಿಷ ಎಂಜಿನ್ ಓಡಿಸಿ ಆರಿಸಿ, ಬಾನೆಟ್ಟಿನ ಕೆಳಗಿನ ಬಿಸಿ ಹರಡಲು ಹತ್ತು ನಿಮಿಷ ಬಿಟ್ಟು, ಸೂಜಿಯ ಮೇಲೆ ಕಣ್ಣಿಟ್ಟುಕೊಂಡೇ ಇದನ್ನು ಪುನಃ ಪುನಃ ಮಾಡುವುದು ನಿಧಾನವಾದರೂ ಸುರಕ್ಷಿತ. ಉಗುರುಬೆಚ್ಚಗಿನ ನೀರನ್ನು ರೇಡಿಯೇಟರಿನ ಹೊರಮೈಗೆ ಹುಯ್ಯಬಹುದು, ಕುದಿಯುವ ನೀರನ್ನಲ್ಲ. ನನಗೆ ಹೀಗೆ ಕೆಳಗಿನ ಹೋಸ್ ಬಿಸಿಯಾಗಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಕರಗಿದ ಮೇಲೆ ಸೋರಿಕೆ ಹುಡುಕುವುದು ಕಡ್ಡಾಯ, ಏಕೆಂದರೆ ನೀರು ಹೆಪ್ಪುಗಟ್ಟುವಾಗ ಗಾತ್ರದಲ್ಲಿ ನೂರಕ್ಕೆ ಸುಮಾರು ಒಂಬತ್ತರಷ್ಟು ಹಿಗ್ಗುತ್ತದೆ. ರೇಡಿಯೇಟರಿನ ಅಲ್ಯೂಮಿನಿಯಂ ಭಾಗ ಪ್ಲಾಸ್ಟಿಕ್ ಟ್ಯಾಂಕಿಗೆ ಸೇರುವ ಅಂಚು ಮತ್ತು ಎಂಜಿನ್ ಬ್ಲಾಕಿನ ಪಕ್ಕದಲ್ಲಿರುವ ಬಿಲ್ಲೆಯಾಕಾರದ ಕೋರ್ ಪ್ಲಗ್‌ಗಳು ಮೊದಲು ನೋಡಬೇಕಾದ ಜಾಗಗಳು.

ಸಾಂದ್ರತೆ ಸರಿಪಡಿಸುವಾಗಲೂ ಒಂದು ಎಡವಟ್ಟು ಸಾಮಾನ್ಯ. ನಮ್ಮಲ್ಲಿ ಅಂಗಡಿಯಲ್ಲಿ ಸಿಗುವ ಕ್ಯಾನುಗಳಲ್ಲಿ ಬಹಳಷ್ಟು ನೀರು ಬೆರೆಸಿಯೇ ತುಂಬಿದವು. ಆರು ಲೀಟರಿನ ನಾಲ್ಕನೇ ಒಂದರ ಮಿಶ್ರಣದಿಂದ ಎರಡು ಲೀಟರ್ ತೆಗೆದು ಅಂಥ ಅರ್ಧಕ್ಕರ್ಧದ ದ್ರವ ಸುರಿದರೆ ಮೂರನೇ ಒಂದಕ್ಕೆ ಮಾತ್ರ ಬರುತ್ತದೆ, ಅಂದರೆ ಮೈನಸ್ 17. ಅದೇ ಎರಡು ಲೀಟರ್ ಜಾಗಕ್ಕೆ ನೀರು ಬೆರೆಸದ ಕಾನ್ಸಂಟ್ರೇಟ್ ಹಾಕಿದರೆ ಸರಿಯಾಗಿ ಅರ್ಧಕ್ಕರ್ಧ ಆಗುತ್ತದೆ. ಕ್ಯಾನಿನ ಲೇಬಲ್ ಮೇಲೆ ಎಷ್ಟು ಡಿಗ್ರಿಯವರೆಗೆ ರಕ್ಷಣೆ ಎಂದು ಬರೆದಿರುವುದನ್ನು ಓದಿ, ಕಾರಿನ ಕೈಪಿಡಿ ಹೇಳುವ ಬಗೆಯ ಕೂಲೆಂಟನ್ನೇ ಕೊಳ್ಳಬೇಕು. ಹೊಂದದ ಎರಡು ಬಗೆಗಳನ್ನು ಬೆರೆಸಿದರೆ ಲೋಳೆ ಕಟ್ಟಿ ರೇಡಿಯೇಟರಿನ ಸಣ್ಣ ಕೊಳವೆಗಳು ಮುಚ್ಚುವ ಅಪಾಯವಿದೆ. ಅಳೆಯಲು ರಿಫ್ರಾಕ್ಟೋಮೀಟರ್ ಎಂಬ ಚಿಕ್ಕ ದೂರದರ್ಶಕದಂಥ ಉಪಕರಣವಿದೆ. ಗಾಜಿನ ಮೇಲೆ ಎರಡು ಹನಿ ಬಿಟ್ಟು ಬೆಳಕಿನತ್ತ ಹಿಡಿದು ನೋಡಿದರೆ ನೀಲಿ ಮತ್ತು ಬಿಳಿ ಸೇರುವ ಗೆರೆ ಹೆಪ್ಪುಗಟ್ಟುವ ಡಿಗ್ರಿಯನ್ನು ನೇರವಾಗಿ ತೋರಿಸುತ್ತದೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಬಹುದು. ತೆಗೆದ ಕೂಲೆಂಟನ್ನು ನೆಲಕ್ಕೆ ಚೆಲ್ಲದೆ ಕ್ಯಾನಿನಲ್ಲಿ ಹಿಡಿಯಬೇಕು, ಏಕೆಂದರೆ ಗ್ಲೈಕಾಲ್ ಸಿಹಿಯಾಗಿದ್ದು ನಾಯಿಗಳು ಅದನ್ನು ನೆಕ್ಕುತ್ತವೆ, ಮತ್ತು ಅದು ವಿಷ.

ಹೆಪ್ಪುಗಟ್ಟಿಲ್ಲವಾದರೆ

ಹೀಟರ್ ತಣ್ಣಗೆ ಊದುತ್ತಿದ್ದರೆ, ಎಂಜಿನ್ ಆರಿದ ಮೇಲೆ ಮೊದಲು ನೋಡಬೇಕಾದದ್ದು ಕೂಲೆಂಟಿನ ಮಟ್ಟ. ಚಳಿಗೆ ರಬ್ಬರ್ ಗಡಸಾಗಿ ಕುಗ್ಗುವುದರಿಂದ, ಬಯಲಿನಲ್ಲಿ ಒಂದು ಹನಿಯೂ ಬಿಡದ ಹೋಸ್ ಕ್ಲ್ಯಾಂಪ್ ಬೆಳಗಿನ ಜಾವದಲ್ಲಿ ಸೋರಿ, ಎಂಜಿನ್ ಬಿಸಿಯಾದ ಮೇಲೆ ತಾನೇ ನಿಂತುಬಿಡುವುದುಂಟು. ಅದಕ್ಕಾಗಿ ಸೋರಿಕೆಯನ್ನು ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲೇ ಹುಡುಕಬೇಕು. ಒಣಗಿದ ಕೂಲೆಂಟ್ ಬಿಡುವ ಬಿಳಿ ಅಥವಾ ಹಸಿರು ಪುಡಿಯ ಕಲೆ ಗುರುತು ಹೇಳುತ್ತದೆ. ಮಟ್ಟ ಸರಿಯಿದ್ದರೆ ವಾಟರ್ ಪಂಪ್ ಮೇಲೆ ಅನುಮಾನ. ಬೆಲ್ಟ್ ಕಿರುಗುಟ್ಟುತ್ತಿದ್ದರೆ, ಅಥವಾ ಎಂಜಿನ್ ವೇಗ ಹೆಚ್ಚಿಸಿದಾಗ ಮಾತ್ರ ಹೀಟರ್ ಬೆಚ್ಚಗಾಗುತ್ತಿದ್ದರೆ ಪಂಪ್ ದುರ್ಬಲವಾಗಿರಬಹುದು. ಇತ್ತೀಚೆಗೆ ಕೂಲೆಂಟ್ ಬದಲಿಸಿದ ಗಾಡಿಯಲ್ಲಾದರೆ ಪಂಪ್ ಬಿಚ್ಚುವ ಮೊದಲು ಗಾಳಿಗುಳ್ಳೆಯನ್ನು ತೆಗೆದು ನೋಡುವುದು ವಿವೇಕ. ಫ್ಯಾನಿನ ದೋಷ ಚಳಿಯಲ್ಲಿ ಬಯಲಾಗುವುದು ಹೆಚ್ಚಾಗಿ ಗಾಡಿ ಬಹಳ ಹೊತ್ತು ನಿಂತಲ್ಲೇ ಓಡುತ್ತಿರುವಾಗ ಮಾತ್ರ. ಇನ್ನು ರಾತ್ರಿ ಗ್ರಿಲ್ಲಿಗೆ ಸಿಕ್ಕಿಸಿದ ರಟ್ಟನ್ನು ಬೆಳಿಗ್ಗೆ ತೆಗೆಯಲು ಮರೆತವರೂ ಇದ್ದಾರೆ. ಬಾನೆಟ್ ಎತ್ತುವ ಮೊದಲು ಮುಂದೆ ಹೋಗಿ ಒಮ್ಮೆ ನೋಡಿದರೆ ನಷ್ಟವಿಲ್ಲ.

ಎತ್ತರದ ಊರುಗಳಲ್ಲಿ ರೇಡಿಯೇಟರ್ ಮುಚ್ಚಳದ ಪಾತ್ರವನ್ನು ಕಡೆಗಣಿಸುವಂತಿಲ್ಲ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ತೆರೆದ ಪಾತ್ರೆಯ ನೀರು 88 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಅಂದರೆ ಥರ್ಮೋಸ್ಟಾಟ್ ತೆರೆಯುವ ತಾಪದ ಆಸುಪಾಸಿನಲ್ಲೇ. ಮುಚ್ಚಳದ ಸ್ಪ್ರಿಂಗ್ ವ್ಯವಸ್ಥೆಯಲ್ಲಿ ಒತ್ತಡವನ್ನು ಹಿಡಿದಿಡುವುದರಿಂದಲೇ ಕುದಿಬಿಂದು ನೂರರ ಮೇಲೆ ಉಳಿದಿರುತ್ತದೆ. ರಬ್ಬರ್ ಸೀಲ್ ಸವೆದ ಮುಚ್ಚಳ ಬೆಂಗಳೂರಿನಲ್ಲಿ ಹೇಗೋ ಸಾಗಿಸಿದರೂ ಅಲ್ಲಿ ಕೈಕೊಡುತ್ತದೆ. ರಿಸರ್ವಾಯರ್ ತುಂಬಿ ಚೆಲ್ಲುತ್ತಿದ್ದು ಬೇರೆ ಯಾವ ದೋಷವೂ ಕಾಣದಿದ್ದರೆ, ಅಗ್ಗದ ಈ ಮುಚ್ಚಳವನ್ನು ಮೊದಲು ಬದಲಿಸಿ ನೋಡಬೇಕು.

ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿದೆ ಎಂಬ ತೀರ್ಮಾನಕ್ಕೆ ಚಳಿಯಲ್ಲಿ ಅವಸರ ಮಾಡಬಾರದು, ಏಕೆಂದರೆ ಅದರ ಎರಡು ಪ್ರಸಿದ್ಧ ಲಕ್ಷಣಗಳು ಚಳಿಯಲ್ಲಿ ಆರೋಗ್ಯವಂತ ಎಂಜಿನ್ನಿನಲ್ಲೂ ಕಾಣಿಸುತ್ತವೆ. ಸೈಲೆನ್ಸರಿನಿಂದ ಬರುವ ಬಿಳಿ ಹೊಗೆ ನಮ್ಮ ಬಾಯಿಂದ ಬರುವ ಹಬೆಯಂಥದೇ; ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ದಟ್ಟವಾಗಿ ಉಳಿದು ಸಿಹಿ ವಾಸನೆ ಬಂದರೆ ಮಾತ್ರ ಅನುಮಾನಿಸಬೇಕು. ಆಯಿಲ್ ಹಾಕುವ ಮುಚ್ಚಳದ ಒಳಗೆ ಕಾಣುವ ಹಾಲಿನಂಥ ನೊರೆಯೂ ಚಿಕ್ಕ ಓಡಾಟದ ಗಾಡಿಗಳಲ್ಲಿ ಆರ್ದ್ರತೆಯಿಂದ ಕಟ್ಟಿಕೊಳ್ಳುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನ ಆಯಿಲೂ ಹಾಲಾಗಿದೆಯೇ ಎಂದು ನೋಡಬೇಕು. ಖಚಿತವಾಗಬೇಕಾದರೆ ಕೂಲೆಂಟಿನ ಮೇಲಿನ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಎಳೆಯುವ ಪರೀಕ್ಷೆಯಿದೆ. ಎಂಜಿನ್ನಿನೊಳಗೆ ಉರಿದ ಅನಿಲ ಸೇರಿದ್ದರೆ ದ್ರಾವಣ ಹಳದಿಗೆ ತಿರುಗುತ್ತದೆ.

ದೀಪವೇ ಸುಳ್ಳು ಹೇಳುವ ಸಾಧ್ಯತೆಯನ್ನು ನಾನು ಕೊನೆಗೆ ಇಟ್ಟಿರುವುದು ಬೇಕೆಂದೇ. ಅದನ್ನು ಪರೀಕ್ಷಿಸಲು ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಓ.ಬಿ.ಡಿ. ಸ್ಕ್ಯಾನರ್ (ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಉಪಕರಣ) ಸಿಕ್ಕಿಸಿ, ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಹಾಕಿ, ಕೂಲೆಂಟಿನ ತಾಪವನ್ನೂ ಒಳಬರುವ ಗಾಳಿಯ ತಾಪವನ್ನೂ ಹೋಲಿಸಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಗಾಳಿ ಮೈನಸ್ 8 ಎಂದೂ ಕೂಲೆಂಟ್ 45 ಎಂದೂ ತೋರಿಸಿದರೆ ಸೆನ್ಸರ್ ಅಥವಾ ಅದರ ತಂತಿಯದೇ ದೋಷ. ಈ ಸೆನ್ಸರಿನ ರೋಧ ಬಿಸಿಯಾದಂತೆ ಕಡಿಮೆಯಾಗುವುದರಿಂದ, ಕನೆಕ್ಟರಿಗೆ ನೀರು ಸೇರಿ ಶಾರ್ಟ್ ಆದರೆ ಎಂಜಿನ್ ಕುದಿಯುತ್ತಿರುವಂತೆ, ತಂತಿ ಕಡಿದರೆ ವಿಪರೀತ ತಣ್ಣಗಿರುವಂತೆ ತೋರುತ್ತದೆ. ಸ್ಕ್ಯಾನರಿನಲ್ಲಿ ಕಾಣುವ ಪಿ0117 ಎಂಬ ದೋಷದ ಕೋಡ್ ಮೊದಲನೆಯದನ್ನೂ ಪಿ0118 ಎರಡನೆಯದನ್ನೂ ಸೂಚಿಸುತ್ತವೆ. ಪಿ0217 ಬಂದರೆ ಎಂಜಿನ್ ನಿಜಕ್ಕೂ ಮಿತಿಮೀರಿ ಬಿಸಿಯಾಗಿದೆ ಎಂದೇ ಮುಂದುವರಿಯಬೇಕು.

ಸರಿಪಡಿಸಿದ ಮೇಲೆ

ಕೂಲೆಂಟ್ ತುಂಬಿದ ಮೇಲೆ ಗಾಡಿಯ ಮೂತಿಯನ್ನು ತುಸು ಏರಿನ ಕಡೆಗೆ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗಿಟ್ಟು, ಕಾರಿನ ಕೈಪಿಡಿ ಹೇಳುವ ಕ್ರಮದಲ್ಲಿ ಗಾಳಿ ತೆಗೆದು, ಥರ್ಮೋಸ್ಟಾಟ್ ತೆರೆದು ಕೆಳಗಿನ ಹೋಸ್ ಬಿಸಿಯಾಗುವವರೆಗೆ ಎಂಜಿನ್ ಓಡಿಸಬೇಕು. ಅಂದೇ ದೂರದ ಪ್ರಯಾಣ ಹೊರಡದೆ ಹತ್ತಿಪ್ಪತ್ತು ಕಿಲೋಮೀಟರ್ ಸುತ್ತಿ ಬಂದು, ಮಾರನೆಯ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮಟ್ಟವನ್ನು ಮತ್ತೆ ನೋಡಬೇಕು. ಸಿಕ್ಕಿಕೊಂಡಿದ್ದ ಗಾಳಿ ಹೊರಬಂದಷ್ಟೂ ಬಾಟಲಿಯ ಮಟ್ಟ ಇಳಿದಿರುತ್ತದೆ. ಮನಾಲಿಯಲ್ಲಿ ಎರಡು ಲೀಟರ್ ಕಾನ್ಸಂಟ್ರೇಟ್ ಹಾಕಿಸಿದ ಮರುದಿನ ನನ್ನ ಬಾಟಲಿ ಕೆಳಗಿನ ಗೆರೆಗಿಂತ ಒಂದು ಬೆರಳು ಕೆಳಗಿತ್ತು, ತುಂಬಿಸಿದ ಮೇಲೆ ಮೂರನೆಯ ದಿನ ಅಲ್ಲಾಡದೆ ನಿಂತಿತ್ತು. ಮೆಕ್ಯಾನಿಕ್ ಕೈಗೆ ಕೊಟ್ಟ ರಿಫ್ರಾಕ್ಟೋಮೀಟರಿನಲ್ಲಿ ಗೆರೆ ಮೈನಸ್ 35ರ ಹತ್ತಿರ ಕಂಡಿತು.